ಕಲ್ಲಿಗೆ ತಾಗಿದ ನೀರು

ಕಾರ್ತಿಕಕ್ಕೆ ಹಳ್ಳ ತಿಳಿಯಾಗುತ್ತದೆ. ಆಗುಂಬೆ ಘಟ್ಟದ ಬುಡದಲ್ಲಿ ಸೀತಾನದಿಯ ಕಡೆಗೆ ಇಳಿಯುವ ಈ ಹಳ್ಳದ ಹತ್ತಿರ ಆಷಾಢದಲ್ಲಿ ಸುಳಿಯುವಂತಿಲ್ಲ. ಕೆನ್ನೀರು ಕಾಲುಸಂಕದ ಮರಕ್ಕೇ ಬಂದು ಬಡಿಯುತ್ತಿರುತ್ತದೆ. ಈಗ ತಳದ ಮರಳೆಲ್ಲ ಕಾಣುತ್ತಿದೆ. ಕಾಲೇಜಿನಲ್ಲಿ ಈ ಸೆಮಿಸ್ಟರ್‌ಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಶುರುವಾಗಿದೆ. ರಜೆಗೆ ಊರಿಗೆ ಬಂದಾಗ ಪಠ್ಯದ ಒಂದೊಂದು ಅಧ್ಯಾಯ ಇಟ್ಟುಕೊಂಡು ಇಲ್ಲಿ ಕೂರುತ್ತೇನೆ. ಬೋರ್ಡಿನ ಮೇಲೆ ಬರೆದದ್ದು ನೀರಿನಲ್ಲಿ ಎಲ್ಲಿದೆ ಎಂದು ಹುಡುಕುವುದು ಕೆಲಸ.

ಸಂಕದ ಪಕ್ಕ ವಾಟೆಯ ಒಂದು ಕಡ್ಡಿ ನೀರಿಗೆ ಇಳಿಬಿದ್ದಿದೆ. ಅದರ ಮುಂದೆ, ನೀರು ಬರುವ ದಿಕ್ಕಿಗೆ, ಒತ್ತೊತ್ತಾದ ಸಣ್ಣ ಅಲೆಗಳ ಸಾಲು ಕದಲದೆ ನಿಂತಿದೆ. ನೀರು ಓಡುತ್ತಿದೆ, ಅಲೆ ಮಾತ್ರ ನಿಂತಲ್ಲೇ ಇದೆ. ಅಂದರೆ ನೀರು ಎಷ್ಟು ಬೇಗ ಕೆಳಗೆ ಸಾಗುತ್ತಿದೆಯೋ ಅಲೆ ಅಷ್ಟೇ ಬೇಗ ಮೇಲಕ್ಕೆ ಈಜುತ್ತಿದೆ. ದೊಡ್ಡ ಅಲೆಯನ್ನು ಮಟ್ಟಕ್ಕೆ ಎಳೆಯುವುದು ಗುರುತ್ವ. ಇಷ್ಟು ಸಣ್ಣದನ್ನು ಎಳೆಯುವುದು ಮೇಲ್ಮೈ ಎಳೆತ. ಗುರುತ್ವದ ಅಲೆ ಉದ್ದವಾದಷ್ಟೂ ವೇಗ, ಮೇಲ್ಮೈ ಎಳೆತದ್ದು ಗಿಡ್ಡವಾದಷ್ಟೂ ವೇಗ. ಎರಡೂ ಸೇರುವ ನಡುವೆ, ಸುಮಾರು 1.7 ಸೆಂಟಿಮೀಟರ್ ಉದ್ದದ ಅಲೆಯೊಂದು ಎಲ್ಲಕ್ಕಿಂತ ನಿಧಾನ: ಸೆಕೆಂಡಿಗೆ 23 ಸೆಂಟಿಮೀಟರ್. ಶುದ್ಧ ನೀರಿನ ಮೇಲೆ ಅದಕ್ಕಿಂತ ನಿಧಾನದ ಅಲೆಯೇ ಇಲ್ಲ. ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, 1871ರಲ್ಲಿ ತಮ್ಮ ಹಾಯಿದೋಣಿಯಿಂದ ನೀರಿಗೆ ಬಿಟ್ಟ ಗಾಳದ ದಾರದ ಮುಂದೆ ಇದೇ ಸಾಲನ್ನು ನೋಡಿ ಈ ಲೆಕ್ಕ ತೆಗೆದರು.

ಹಾಗಾದರೆ ಕಡ್ಡಿಯೊಂದೇ ಸಾಕು. ಅದನ್ನು ನೀರಿಗಿಳಿಸಿ ಹಳ್ಳದುದ್ದಕ್ಕೂ ನಡೆದೆ. ನಡುಹರಿವಿನಲ್ಲಿ ಸಾಲು ಮೂಡಿತು. ದಡದ ಬೇರುಗಳ ಹತ್ತಿರ ಬಂದಂತೆ ಅಲೆಗಳು ಅಗಲಗೊಂಡವು, ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಅಳಿಸಿಹೋದವು. 23 ಸೆಂಟಿಮೀಟರಿನ ಗಡಿ ಅದು. ಗಡಿಯ ಗೆರೆ ನೇರವಾಗಿಲ್ಲ; ಪ್ರತಿ ಬಂಡೆಯ ಹಿಂದೆಯೂ ಒಳಕ್ಕೆ ಬಾಗುತ್ತದೆ, ಹಳ್ಳ ತಿರುಗುವಲ್ಲಿ ಹೊರದಡಕ್ಕೆ ಅಂಟಿಕೊಳ್ಳುತ್ತದೆ.

ಗಡಿಯ ಈಚೆ, ನಿಧಾನದ ನೀರಿನಲ್ಲಿ, ಉದ್ದಕಾಲಿನ ಕೀಟಗಳು ಮೇಲ್ಮೈಯ ಮೇಲೆಯೇ ಓಡಾಡುತ್ತಿವೆ. ಬಿಸಿಲಿದ್ದರೆ ಕೀಟಕ್ಕಿಂತ ಮೊದಲು ಅದರ ನೆರಳು ಕಣ್ಣಿಗೆ ಬೀಳುತ್ತದೆ: ಕಾಲು ಊರಿದಲ್ಲೆಲ್ಲ ನೀರು ತಗ್ಗಿ ತಳದ ಮರಳಿನ ಮೇಲೆ ದುಂಡನೆಯ ಕಪ್ಪು ಮಚ್ಚೆ. ಇವು ಮುಂದೆ ಹೋಗುವುದು ಹೇಗೆ? ಕಾಲಿನಿಂದ ಅಲೆಯನ್ನು ಹಿಂದಕ್ಕೆ ಒದ್ದು ಎಂದು ಬಹಳ ಕಾಲ ನಂಬಿದ್ದರು. ಅಲೆ ಏಳಬೇಕಾದರೆ ಕಾಲು 23 ಸೆಂಟಿಮೀಟರಿಗಿಂತ ಬೇಗ ಬೀಸಬೇಕು; ಮರಿಗಳ ಕಾಲಿಗೆ ಅಷ್ಟು ವೇಗವಿಲ್ಲ. ಲೆಕ್ಕದ ಪ್ರಕಾರ ಮರಿಗಳು ಇದ್ದಲ್ಲೇ ಇರಬೇಕು. ನನ್ನೆದುರಿನ ಮರಿಗಳು ಯಾವ ತೊಂದರೆಯೂ ಇಲ್ಲದೆ ಓಡಾಡುತ್ತಿವೆ. ಜೀವಶಾಸ್ತ್ರಜ್ಞ ಮಾರ್ಕ್ ಡೆನ್ನಿ ಎತ್ತಿದ ಈ ಒಗಟನ್ನು 2003ರಲ್ಲಿ ಅಮೆರಿಕದ ಎಂಐಟಿಯ ಡೇವಿಡ್ ಹು, ಬ್ರಯನ್ ಚಾನ್, ಜಾನ್ ಬುಶ್ ಬಿಡಿಸಿದರು. ನೀರಿಗೆ ಬಣ್ಣ ಬಿಟ್ಟು ನೋಡಿದಾಗ, ಕಾಲಿನ ಪ್ರತಿ ಬೀಸಿಗೂ ಮೇಲ್ಮೈಯ ಕೆಳಗೆ ಸಣ್ಣ ಸುಳಿಗಳು ಹುಟ್ಟಿ ಹಿಂದಕ್ಕೆ ಸರಿಯುವುದು ಕಂಡಿತು. ಕೀಟವನ್ನು ಮುಂದಕ್ಕೆ ತಳ್ಳುವುದು ಮುಖ್ಯವಾಗಿ ಆ ಸುಳಿಗಳು. ನನ್ನ ಬರಿಗಣ್ಣಿಗೆ ಅವು ಕಾಣಲಿಲ್ಲ, ಮಧ್ಯಾಹ್ನವೆಲ್ಲ ಕೂತರೂ. ಆದರೆ ಈಗ ಎಲ್ಲಿ ನೋಡಬೇಕೆಂದು ಗೊತ್ತಿದೆ, ಕಾಲಿನ ತುದಿಯನ್ನಲ್ಲ, ಅದರ ಹಿಂದೆ, ಕೆಳಗೆ.

ಸಂಕದ ಕೆಳಗಿನ ಗಿಡ್ಡ ಬಂಡೆಯ ಬಳಿ ಬಹಳ ಹೊತ್ತು ಕಳೆದೆ. ಅದರ ನೆತ್ತಿಯ ಮೇಲೆ ನೀರು ರಭಸವಾಗಿ ಹೋಗುತ್ತಿದೆ, ಆದರೂ ಬಂಡೆಯ ಮೈಮೇಲೆ ಧೂಳಿನಂಥ ಸಣ್ಣ ಹೂಳು ಹಾಗೇ ಕೂತಿದೆ. ತರಗತಿಯಲ್ಲಿ ಮೊದಲ ವಾರವೇ ಹೇಳಿದ ಮಾತು ಇದು: ಘನದ ಮೈಗೆ ತಾಗಿದ ನೀರಿನ ವೇಗ ಸೊನ್ನೆ. ಅಲ್ಲಿಂದ ಮೇಲೆ ಹೋದಂತೆ ವೇಗ ಏರುತ್ತಾ ಹೊರಗಿನ ಹರಿವಿನ ವೇಗ ಮುಟ್ಟುತ್ತದೆ. ಈ ಏರಿಕೆಯೆಲ್ಲ ಬಹಳ ತೆಳುವಾದ ಒಂದು ಪದರದೊಳಗೇ ಮುಗಿದುಹೋಗುತ್ತದೆ ಎಂದು ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಹೈಡೆಲ್‌ಬರ್ಗ್‌ನ ಗಣಿತ ಸಮ್ಮೇಳನದಲ್ಲಿ ತೋರಿಸಿದರು. ಬೌಂಡರಿ ಲೇಯರ್ ಅಂದರೆ ಅದೇ. ನುಣುಪಾದ ಹಲಗೆಯ ಮೇಲೆ ಸೆಕೆಂಡಿಗೆ 40 ಸೆಂಟಿಮೀಟರ್ ಹರಿವಿದ್ದರೆ, ಮುಂದಿನ ಅಂಚಿನಿಂದ 10 ಸೆಂಟಿಮೀಟರ್ ದೂರದಲ್ಲಿ ಆ ಪದರದ ದಪ್ಪ ಸುಮಾರು ಎರಡೂವರೆ ಮಿಲಿಮೀಟರ್. ಬಂಡೆ ಹಲಗೆಯಲ್ಲ, ಆದರೆ ಅಂದಾಜಿಗೆ ಸಾಕು.

ಈ ಎರಡೂವರೆ ಮಿಲಿಮೀಟರಿನಲ್ಲಿ ಯಾರಿದ್ದಾರೆ ಎಂದು ಮಸೂರ ಹಿಡಿದು ನೋಡಿದೆ. ಅತಿ ರಭಸವಿರುವ ನೆತ್ತಿಯಲ್ಲಿ ಕಪ್ಪುನೊಣದ ಮರಿಹುಳುಗಳು ಗುಂಪಾಗಿವೆ. ಪ್ರತಿಯೊಂದೂ ಕಲ್ಲಿನ ಮೇಲೆ ರೇಷ್ಮೆಯ ಪುಟ್ಟ ಗದ್ದುಗೆ ನೇಯ್ದು, ಹಿಂತುದಿಯ ಕೊಕ್ಕೆಗಳಿಂದ ಅದನ್ನು ಕಚ್ಚಿ, ತಲೆಯ ಬೀಸಣಿಗೆಗಳನ್ನು ಹರಿವಿಗೆ ಒಡ್ಡಿದೆ. ಬುಡ ನಿಧಾನದ ನೀರಿನಲ್ಲಿ, ಬಾಯಿ ವೇಗದ ನೀರಿನಲ್ಲಿ. ಆಹಾರ ತಾನಾಗಿ ಬರುತ್ತದೆ. ಬಂಡೆಯ ಮಗ್ಗುಲಲ್ಲಿ ಚಪ್ಪಟೆ ಮೈಯ ಮೇಫ್ಲೈ ಮರಿಗಳು. ಇವು ಪದರದೊಳಗೆ ಅಡಗಲೆಂದೇ ಚಪ್ಪಟೆಯಾದವು ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. 1982ರಲ್ಲಿ ಸ್ಟಾಟ್ಸ್‌ನರ್ ಮತ್ತು ಹೋಲ್ಮ್ ಲೇಸರ್‌ನಿಂದ ಇಂಥ ಮರಿಯ ಸುತ್ತಲಿನ ವೇಗವನ್ನೇ ಅಳೆದಾಗ ವಿಷಯ ಅಷ್ಟು ಸಲೀಸಾಗಿ ಕಾಣಲಿಲ್ಲ: ಹರಿವು ಅದರ ಬೆನ್ನಿನ ತೀರ ಹತ್ತಿರದವರೆಗೂ ಬರುತ್ತದೆ. ಚಪ್ಪಟೆ ಮೈ ಎಳೆತ ತಗ್ಗಿಸಿದರೂ, ಬೆನ್ನಿನ ಮೇಲೆ ವೇಗ ಹೆಚ್ಚಿ ಒತ್ತಡ ಇಳಿಯುವುದರಿಂದ ಮೈಯನ್ನು ಮೇಲಕ್ಕೂ ಎತ್ತುತ್ತದೆ. ಮರಿ ಉಗುರೂರಿ ಕಲ್ಲು ಹಿಡಿದಿರುವುದನ್ನು ನೋಡಿದರೆ ಅಡಗಿ ಕೂತ ಜೀವದಂತಿಲ್ಲ. ಪ್ರತಿ ಕ್ಷಣವೂ ಸೆಣಸುತ್ತಿದೆ. ಪರೀಕ್ಷೆಯಲ್ಲಿ ಬೌಂಡರಿ ಲೇಯರಿನ ದಪ್ಪ ಕೇಳುತ್ತಾರೆ. ಅದರಲ್ಲಿ ಯಾರು ಬದುಕುತ್ತಾರೆ ಎಂದೂ ಕೇಳಬೇಕು.

ಬಂಡೆಯ ಹಿಂದೆ ಸುಳಿಗಳು ಎಡಕ್ಕೊಂದು ಬಲಕ್ಕೊಂದು ಕಳಚಿಕೊಳ್ಳುತ್ತವೆ. ಅಡ್ಡಲಾಗಿ 20 ಸೆಂಟಿಮೀಟರ್ ಇರುವ ಉರುಟು ಕಲ್ಲು, 40 ಸೆಂಟಿಮೀಟರ್ ವೇಗ ಎಂದುಕೊಂಡರೆ, ಒಂದು ಬದಿಯಲ್ಲಿ ಎರಡೂವರೆ ಸೆಕೆಂಡಿಗೊಮ್ಮೆ ಸುಳಿ ಹುಟ್ಟಬೇಕು. ಗಡಿಯಾರ ಹಿಡಿದು ನೋಡಿದರೆ ಹೆಚ್ಚುಕಡಿಮೆ ಹಾಗೇ, ನಡುವೆ ಒಮ್ಮೊಮ್ಮೆ ತಾಳ ತಪ್ಪುತ್ತದೆ.

ಹಳ್ಳದ ಕೆಳಗೆ ನುಣುಪಾದ ಇಳಿಜಾರು ಪಾದೆಯೊಂದಿದೆ. ಅದರ ಮೇಲೆ ನೀರು ತೆಳುವಾಗಿ ಹಾಸಿಕೊಂಡು ಇಳಿಯುತ್ತದೆ. ಮೇಲಿನ ಅರ್ಧ ಗಾಜಿನಂತೆ ನಯ, ಕೆಳಗಿನ ಅರ್ಧ ಕಲಕು. ನಡುವೆ ಅಲ್ಲಲ್ಲಿ ಕಲಕಿದ ಸಣ್ಣ ತೇಪೆಗಳು ಹುಟ್ಟಿ, ಹಿಗ್ಗುತ್ತಾ ಕೆಳಗೆ ಸಾಗಿ ಒಂದರೊಳಗೊಂದು ಬೆರೆಯುತ್ತವೆ. 1951ರಲ್ಲಿ ಹಾರ್ವರ್ಡ್‌ನ ಹಾವರ್ಡ್ ಎಮನ್ಸ್ ಮೇಜಿನ ಮೇಲೆ ತೆಳುವಾಗಿ ನೀರು ಹರಿಯಬಿಟ್ಟು ಕಂಡದ್ದು ಇಂಥ ತೇಪೆಗಳನ್ನೇ. ನಯವಾದ ಹರಿವು ಕಲಕಿಗೆ ತಿರುಗುವುದು ಹೀಗೆ ತುಂಡುತುಂಡಾಗಿ ಎಂಬುದು ಅಲ್ಲಿಂದ ಗೊತ್ತಾಯಿತು. ಆ ತೇಪೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಹರಿವಿಗೆ ಅಡ್ಡಲಾದ ಕಿರಿದಾದ ಒಂದು ಪಟ್ಟಿಯಲ್ಲೇ ಹುಟ್ಟುತ್ತವೆ ಎಂದು ಊಹಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ವಿದ್ಯಾರ್ಥಿಯಾಗಿದ್ದ ರೊದ್ದಂ ನರಸಿಂಹ, 1957ರಲ್ಲಿ. ಮರುವರ್ಷ ಗುರುಶಿಷ್ಯರಿಬ್ಬರೂ ಸೇರಿ ಬರೆದ ಪ್ರಬಂಧವನ್ನು ಈ ವಿಷಯ ಓದುವವರು ಇಂದಿಗೂ ತೆರೆಯುತ್ತಾರೆ. 

ಪಾದೆಯ ಮೇಲೆ ಅಂಥದೊಂದು ಪಟ್ಟಿ ಇದೆಯೇ? ಇರುವಂತೆ ತೋರುತ್ತದೆ, ಆದರೆ ಅಲ್ಲಿ ಕಲ್ಲಿನಲ್ಲೇ ಒಂದು ಗೀರು ಇದೆ. ಕಲಕಿಗೆ ಅದೇ ಕಾರಣವಿರಬಹುದು. ಪರೀಕ್ಷಿಸಲು ಒಂದು ದಾರಿ ಹೊಳೆದಿದೆ. ಪುಷ್ಯ, ಮಾಘಕ್ಕೆ ನೀರು ಇಳಿಯುತ್ತದೆ. ಹರಿವಿನದೇ ಪಟ್ಟಿಯಾದರೆ ವೇಗ ತಗ್ಗಿದಂತೆ ಕೆಳಗೆ ಸರಿಯಬೇಕು, ಗೀರಿನದಾದರೆ ಅಲ್ಲೇ ಉಳಿಯಬೇಕು. ಪಾದೆಯ ಅಂಚಿಗೆ, ನೀರು ಮುಟ್ಟದಲ್ಲಿ, ಸುಣ್ಣದಿಂದ ಗುರುತು ಹಾಕಿದ್ದೇನೆ.