ನೆತ್ತರನ್ನು ಅಳೆದವರು

ನೋಡಲು ಅದೊಂದು ಪ್ಲಾಸ್ಟಿಕ್ ಹಾಳೆ, ಅಷ್ಟೆ. ಮೇಲ್ತುದಿಯಲ್ಲಿ ಸೊಂಟಕ್ಕೆ ಬಿಗಿಯಲು ಎರಡು ಕಟ್ಟು. ಕೆಳಕ್ಕೆ ಬರುಬರುತ್ತ ಕಿರಿದಾಗುವ ಲಾಳಿಕೆ ಆಕಾರದ ಚೀಲ. ಚೀಲದ ಮೈಮೇಲೆ ಮಿಲಿಲೀಟರ್ ಗೆರೆಗಳು. ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಇದನ್ನು ಬಾಣಂತಿಯ ಅಡಿಗೆ ಸರಿಸಿ ಕಟ್ಟುತ್ತಾರೆ. ಹೋದ ನೆತ್ತರೆಲ್ಲ ಚೀಲಕ್ಕೆ ಇಳಿಯುತ್ತದೆ. ಗಂಟೆ ಕಳೆದ ಮೇಲೆ ಗೆರೆ ನೋಡಿದರೆ ಲೆಕ್ಕ ಸಿಕ್ಕಿತು. ಇಪ್ಪತ್ತು ವರ್ಷಗಳ ಹಿಂದೆ ಬೆಳಗಾವಿ ಜಿಲ್ಲೆಯ ಹಳ್ಳಿಮನೆಗಳಲ್ಲಿ ಇಂಥ ಹಾಳೆಯನ್ನು ಹಾಸಿ ನೆತ್ತರು ಅಳೆದವರು ದೊಡ್ಡ ಡಾಕ್ಟರುಗಳಲ್ಲ, ಉಪಕೇಂದ್ರದ ಎಎನ್‌ಎಂಗಳು, ಅಂದರೆ ನಮ್ಮೂರಿನವರು ‘ಸಿಸ್ಟರ್’ ಎಂದು ಕರೆಯುವವರು.

ಆ ಅಧ್ಯಯನದ ಹಿಂದಿದ್ದದ್ದು ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು. ಅಲ್ಲಿನ ಪ್ರಸೂತಿ ವಿಭಾಗದ ಪ್ರೊಫೆಸರ್ ಡಾ. ಬಿ.ಎಸ್. ಕೊಡ್ಕಣಿ, ಸಹೋದ್ಯೋಗಿಗಳಾದ ಡಾ. ಶಿವಪ್ರಸಾದ ಗೌಡರ, ಡಾ. ಎಂ.ಬಿ. ಬೆಲ್ಲದ ಮೊದಲಾದವರು ಅಮೆರಿಕದ ಪ್ರಸೂತಿ ತಜ್ಞ ರಿಚರ್ಡ್ ಡರ್ಮನ್ ಜೊತೆ ಸೇರಿ ನಡೆಸಿದ ಕೆಲಸ ಅದು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶ ಹೆರಿಗೆ ಕೋಣೆಯ ಬಗ್ಗೆ ಜಗತ್ತಿನ ಯೋಚನೆಯನ್ನೇ ಸ್ವಲ್ಪ ಬದಲಿಸಿತು. ಕರ್ನಾಟಕದ ಹಳ್ಳಿಗಳಿಂದ ಹೊರಟ ಈ ಸಂಶೋಧನೆಯ ಸುದ್ದಿ ಕರ್ನಾಟಕದ ಹಳ್ಳಿಗಳಿಗೇ ಸರಿಯಾಗಿ ತಲುಪಿಲ್ಲ ಎಂಬುದು ನನ್ನ ತಕರಾರು.

ಹೆರಿಗೆಯ ನೆತ್ತರಿನ ಗುಟ್ಟು ಇರುವುದು ಮಾಸಿನಲ್ಲಿ, ಹಿರಿಯರು ‘ಕಸ’ ಎನ್ನುತ್ತಿದ್ದರಲ್ಲ, ಅದರಲ್ಲಿ. ತುಂಬಿದ ತಿಂಗಳಿನಲ್ಲಿ ಗರ್ಭಕೋಶದ ಮೂಲಕ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಕಸ ಬಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡರೆ ಅದರ ಸ್ನಾಯುಗಳೇ ಆ ನಾಳಗಳನ್ನು ಹಿಂಡಿ ಮುಚ್ಚುತ್ತವೆ. ಮುದುಡದೆ ಸಡಿಲವಾಗಿ ಉಳಿದರೆ ನೆತ್ತರು ನಿಲ್ಲುವುದಿಲ್ಲ, ಆಗ ಕೈಯಲ್ಲಿರುವುದು ಗಂಟೆಗಳಲ್ಲ, ನಿಮಿಷಗಳು. ಯಾರಿಗೆ ಹೀಗಾಗುತ್ತದೆ? ರಕ್ತಹೀನತೆ ಇದ್ದವರಿಗೆ, ಅವಳಿ ಹೊತ್ತವರಿಗೆ, ಹಲವು ಹೆತ್ತವರಿಗೆ ಅಪಾಯ ಜಾಸ್ತಿ, ನಿಜ. ಆದರೆ ಯಾವ ತೊಂದರೆಯೂ ಇಲ್ಲದೆ, ಎಲ್ಲ ‘ನಾರ್ಮಲ್’ ಎಂದು ಬರೆಸಿಕೊಂಡು ಬಂದ ಎಷ್ಟೋ ಹೆಂಗಸರಿಗೂ ಆಗುತ್ತದೆ. ದಕ್ಷಿಣ ಕನ್ನಡದ ನಮ್ಮ ಪೊಳಲಿ ಜಾತ್ರೆ ಈ ವರ್ಷ ಎಷ್ಟು ದಿನ ಎಂಬುದು ಕೊಡಿ (ಧ್ವಜ) ಏರಿದ ಮೇಲೆ ಜೋಯಿಸರ ಬಾಯಿಂದಲೇ ಗೊತ್ತಾಗಬೇಕಲ್ಲ, ಹಾಗೆಯೇ ಇದೂ ಮೊದಲೇ ತಿಳಿಯುವ ಸಂಗತಿಯಲ್ಲ. ಹೀಗಾಗಿ ಅಪಾಯ ಇದ್ದವರನ್ನು ಆರಿಸಿ ಮದ್ದು ಕೊಡುತ್ತೇವೆ ಎಂದರೆ ನಡೆಯದು. ಹೆತ್ತ ಪ್ರತಿಯೊಬ್ಬಳಿಗೂ ಕೊಡಬೇಕು.

ಮದ್ದು ಇಲ್ಲದಿರಲಿಲ್ಲ. ಆಕ್ಸಿಟೋಸಿನ್ ಚುಚ್ಚುಮದ್ದು ಆಗಲೇ ಆಸ್ಪತ್ರೆಗಳಲ್ಲಿ ಇತ್ತು. ಆದರೆ ಅದನ್ನು ತಣ್ಣಗೆ ಇಡಬೇಕು, ಸಿರಿಂಜ್ ಬೇಕು, ಚುಚ್ಚಲು ಬಲ್ಲ ಕೈ ಬೇಕು. ಬೆಳಗಾವಿಯ ಹಳ್ಳಿಗಳಲ್ಲಿ ಆಗ ಎಷ್ಟೋ ಹೆರಿಗೆಗಳು ಮನೆಯಲ್ಲೋ ಉಪಕೇಂದ್ರದಲ್ಲೋ ನಡೆಯುತ್ತಿದ್ದವು. ಕರೆಂಟು ಹೋಗಿ ಬಂದು ಮಾಡುವ ಮನೆಯಲ್ಲಿ ನಡುರಾತ್ರಿ ಇವೆಲ್ಲ ಒಟ್ಟಿಗೆ ಕೂಡಿಬರುವುದುಂಟೇ? ಸಂಶೋಧಕರ ಕಣ್ಣು ಬಿದ್ದದ್ದು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯ ಮೇಲೆ. ಅದು ಮೂಲದಲ್ಲಿ ಹೊಟ್ಟೆಯ ಹುಣ್ಣಿಗೆಂದು ಬಂದದ್ದು. ಅಗ್ಗ, ಫ್ರಿಜ್ಜು ಬೇಡ, ನೀರಿನ ಜೊತೆ ನುಂಗಿದರೆ ಆಯಿತು. ಗರ್ಭಕೋಶವನ್ನು ಮುದುಡಿಸುವ ಗುಣ ಅದಕ್ಕಿದೆ ಎಂದು ಗೊತ್ತಿತ್ತು. ಗೊತ್ತಿರದಿದ್ದದ್ದು ಇಷ್ಟು: ಹಳ್ಳಿಯ ಮನೆಯಲ್ಲಿ, ಡಾಕ್ಟರಿಲ್ಲದೆ, ಎಎನ್‌ಎಂ ಒಬ್ಬಳೇ ಇದನ್ನು ಕೊಟ್ಟರೆ ನಿಜವಾಗಿ ಪ್ರಯೋಜನ ಆಗುತ್ತದೆಯೇ?

2002ರಿಂದ 2005ರವರೆಗೆ 1620 ಹೆಂಗಸರು ಈ ಪರೀಕ್ಷೆಯಲ್ಲಿ ಭಾಗವಹಿಸಿದರು. 812 ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ಅರ್ಧದಷ್ಟು ಹೆಂಗಸರಿಗೆ ಬರಿಯ ಮಾತ್ರೆ ಕೊಟ್ಟದ್ದನ್ನು ಓದುವಾಗ ಮನಸ್ಸು ಹಿಂಜರಿಯುತ್ತದೆ. ಆದರೆ ಆ ಹಳ್ಳಿಗಳಲ್ಲಿ ಅಲ್ಲಿಯವರೆಗೆ ನಡೆದುಬಂದದ್ದು ಕಾದು ನೋಡುವುದಷ್ಟೇ. ಹೋಲಿಸಿ ನೋಡದೆ ಮದ್ದಿನ ಬಲ ತೋರಿಸುವುದು ಹೇಗೆ ಎಂಬ ಪ್ರಶ್ನೆಗೂ ಸುಲಭದ ಉತ್ತರ ಇಲ್ಲ.

ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರು ಬರಿಯ ಮಾತ್ರೆಯ ಗುಂಪಿನಲ್ಲಿ ಶೇ 12, ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ ಶೇ 6.4. ಒಂದು ಲೀಟರು ದಾಟಿದ ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿಯಿತು. 18 ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂದಾಯಿತು. ಕೆಲವರಿಗೆ ನಡುಕ, ಕೆಲವರಿಗೆ ಸ್ವಲ್ಪ ಹೊತ್ತು ಜ್ವರ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮಾತ್ರೆಯನ್ನು, ಹೆರಿಗೆಯ ರಕ್ತಸ್ರಾವ ತಡೆಯಲೆಂದೇ, ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಮಾತ್ರೆಗಿಂತ ಆ ಪ್ಲಾಸ್ಟಿಕ್ ಹಾಳೆಯೇ ದೊಡ್ಡದು ಎಂದು ನನಗೆ ಅನ್ನಿಸುವುದುಂಟು. ಅದೇ ತಂಡದವರು ಇನ್ನೊಂದು ಸಣ್ಣ ಅಧ್ಯಯನದಲ್ಲಿ ಕಣ್ಣಂದಾಜನ್ನೂ ಹಾಳೆಯ ಅಳತೆಯನ್ನೂ ಹೋಲಿಸಿದರು. ಕಣ್ಣಂದಾಜು ಹೇಳಿದ್ದು ಹಾಳೆಯ ಲೆಕ್ಕಕ್ಕಿಂತ ಶೇ 33ರಷ್ಟು ಕಡಿಮೆ. ಅನುಭವಸ್ಥರ ಕಣ್ಣೂ ಮೂರರಲ್ಲಿ ಒಂದು ಪಾಲನ್ನು ಬಿಟ್ಟುಬಿಡುತ್ತದೆ ಎಂದಾಯಿತಲ್ಲ! ಬಟ್ಟೆ ಹೀರಿದ್ದು, ನೆಲಕ್ಕೆ ಇಳಿದದ್ದು, ಬಕೆಟ್ಟಿನ ನೀರಿಗೆ ಬೆರೆತದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದರ ಮೇಲೆ ನಮ್ಮ ಮನೆಗಳ ಹಳೆಯ ಸಮಾಧಾನ ಬೇರೆ: ‘ಕೆಟ್ಟ ನೆತ್ತರು, ಹೋಗಲಿ ಬಿಡಿ.’ ಹೋಗುತ್ತಿರುವುದು ಕೆಟ್ಟದ್ದೂ ಅಲ್ಲ, ಬಿಡುವಂಥದ್ದೂ ಅಲ್ಲ.

ಕರ್ನಾಟಕದಲ್ಲಿ ಈಗ ಮನೆ ಹೆರಿಗೆ ಅಪರೂಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ. ಹಾಗಾದರೆ ಹಾಳೆಯ ಕೆಲಸ ಮುಗಿಯಿತೇ? ಇಲ್ಲ. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಮುಗಿದ ‘ಇ-ಮೋಟಿವ್’ ಅಧ್ಯಯನ ಇಂಥದ್ದೇ ಗೆರೆ ಹಾಕಿದ ಹಾಳೆಯನ್ನು ಬಳಸಿತು. ಗೆರೆ ದಾಟಿದ ಕೂಡಲೇ ಹೊಟ್ಟೆ ತಿಕ್ಕುವುದು, ಔಷಧಿ, ಡ್ರಿಪ್ಪು, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೊಂದು ಕಾಯದೆ ಒಟ್ಟಿಗೇ ಶುರುಮಾಡಿದರು. ಮೊದಲು ಸುಮಾರು ಅರ್ಧದಷ್ಟು ರಕ್ತಸ್ರಾವಗಳು ಗಮನಕ್ಕೇ ಬರುತ್ತಿರಲಿಲ್ಲ. ಹಾಳೆ ಬಂದ ಮೇಲೆ ಶೇ 93 ಗೊತ್ತಾದವು. ತೀವ್ರ ರಕ್ತಸ್ರಾವ, ಅದರಿಂದಾಗುವ ಶಸ್ತ್ರಚಿಕಿತ್ಸೆ ಮತ್ತು ಸಾವು ಒಟ್ಟು ಸೇರಿ ಶೇ 60ರಷ್ಟು ಇಳಿದವು. ಎಲ್ಲವೂ ಆಸ್ಪತ್ರೆಯೊಳಗೇ.

ಬೆಳಗಾವಿಯವರ ಪ್ರಯತ್ನಗಳೆಲ್ಲ ಗೆದ್ದವು ಎಂದಲ್ಲ. ಗರ್ಭಿಣಿಯರಿಗೆ ಬಿಪಿ ಏರಿ, ಕೈಕಾಲು ಬಾತು, ಕೊನೆಗೆ ಫಿಟ್ಸ್ ಬರುವ ಗರ್ಭನಂಜನ್ನು ಊರಮಟ್ಟದಲ್ಲೇ ಹಿಡಿಯಲು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ‘ಕ್ಲಿಪ್’ ಎಂಬ ದೊಡ್ಡ ಅಧ್ಯಯನ ನಡೆಯಿತು. ಆರೋಗ್ಯ ಕಾರ್ಯಕರ್ತೆಯರು ಮನೆಗೇ ಹೋಗಿ ಬಿಪಿ ನೋಡಿ, ಅಗತ್ಯ ಬಿದ್ದರೆ ಮೊದಲ ಡೋಸು ಕೊಟ್ಟು ಆಸ್ಪತ್ರೆಗೆ ಕಳಿಸುವ ಏರ್ಪಾಡು. ಯೋಚನೆ ಒಳ್ಳೆಯದೇ. ಆದರೆ ಒಟ್ಟು ಲೆಕ್ಕದಲ್ಲಿ ತಾಯಿ-ಮಕ್ಕಳ ಸಾವು ನೋವುಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ಸಂಶೋಧನೆಯಲ್ಲಿ ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಗುವುದಿಲ್ಲ.

ಗರ್ಭನಂಜಿಗೇ ಸಂಬಂಧಿಸಿದ ಇನ್ನೊಂದು ಉತ್ತರ ಬಂದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಿಂದ. ಗರ್ಭಿಣಿಯರು ದಿನಕ್ಕೆ 1500 ಮಿಲಿಗ್ರಾಂ ಕ್ಯಾಲ್ಸಿಯಂ ತಿನ್ನಬೇಕು ಎಂಬ ಸಲಹೆ ಬಹಳ ಕಾಲದಿಂದ ಇತ್ತು. ದಿನಕ್ಕೆ ಮೂರು ದಪ್ಪ ಮಾತ್ರೆ. ಮೊದಲೇ ವಾಕರಿಕೆ ಇರುವವರಿಗೆ ಅದು ಗಂಟಲಲ್ಲಿ ಇಳಿಯಬೇಕಲ್ಲ. ಚೊಚ್ಚಲ ಬಸಿರಿನ 11,000 ಹೆಂಗಸರಲ್ಲಿ ಬೆಂಗಳೂರಿನಲ್ಲಿ ನಡೆದ ಅಧ್ಯಯನ, 2024ರಲ್ಲಿ ಪ್ರಕಟವಾದದ್ದು, ದಿನಕ್ಕೆ 500 ಮಿಲಿಗ್ರಾಂ ಸಾಕು ಎಂದು ತೋರಿಸಿತು. ಗರ್ಭನಂಜು ಕಡಿಮೆ ಪ್ರಮಾಣದ ಗುಂಪಿನಲ್ಲಿ ಶೇ 3.0, ಹೆಚ್ಚಿನ ಪ್ರಮಾಣದ ಗುಂಪಿನಲ್ಲಿ ಶೇ 3.6. ಮೂರರ ಬದಲು ಒಂದೇ ಮಾತ್ರೆ ಎಂಬುದು ಕೇಳಲು ಸಣ್ಣ ಸುದ್ದಿ. ಸರ್ಕಾರಿ ಆಸ್ಪತ್ರೆಯ ಸ್ಟೋರು ನೋಡಿಕೊಳ್ಳುವ ಫಾರ್ಮಾಸಿಸ್ಟರನ್ನು ಕೇಳಿ ನೋಡಿ, ಎಷ್ಟು ದೊಡ್ಡದೆಂದು ಅವರು ಹೇಳುತ್ತಾರೆ.

ಇದೆಲ್ಲ ಬಯಲುಸೀಮೆಯ ಕಥೆ, ನಮಗೇನು ಎಂದು ಫಲ್ಗುಣಿ ನದಿಯ ದಡದ ಪೊಳಲಿಯಲ್ಲಿ ಕೂತವರು ಕೇಳಬಹುದು. ಪೊಳಲಿಯಿಂದ ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗೆ ಸುಮಾರು ಇಪ್ಪತ್ತು ಕಿಲೋಮೀಟರು. ಮೆಡಿಕಲ್ ಕಾಲೇಜುಗಳಿಗೆ ದಕ್ಷಿಣ ಕನ್ನಡದಲ್ಲಿ ಬರವಿಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸಾಯುವ ತಾಯಂದಿರು ದೇಶದಲ್ಲಿ 97, ಕರ್ನಾಟಕದಲ್ಲಿ 69, ತಲಪಾಡಿ ಗಡಿ ದಾಟಿದರೆ ಕೇರಳದಲ್ಲಿ 19. ಅದೇ ಮಳೆ, ಅದೇ ಮೀನು, ಅದೇ ಕುಚ್ಚಲಕ್ಕಿ ಗಂಜಿ. ಕೇರಳದ ಪ್ರಸೂತಿ ತಜ್ಞರು 2004ರಿಂದ ತಾಯಂದಿರ ಸಾವುಗಳನ್ನು, ಹೆಸರು ಊರು ಮರೆಮಾಚಿ, ಯಾರನ್ನೂ ದೂರದೆ, ಎಲ್ಲಿ ತಪ್ಪಿತು ಎಂದು ಕೂತು ಓದುತ್ತ ಬಂದರು. ಆ ಕೆಲಸ ಮುನ್ನಡೆಸಿದ ತ್ರಿಶ್ಶೂರಿನ ಡಾ. ವಿ.ಪಿ. ಪೈಲಿ ರಕ್ತಸ್ರಾವ ನಿಲ್ಲಿಸಲು ಹೊಟ್ಟೆ ಕೊಯ್ಯದೆ ಗರ್ಭಕೋಶದ ರಕ್ತನಾಳವನ್ನು ಕೆಳಗಿನಿಂದಲೇ ಅದುಮಿ ಹಿಡಿಯುವ ಕ್ಲ್ಯಾಂಪನ್ನೂ ರೂಪಿಸಿದರು. ಅದನ್ನು ನೋಡಿ ಕಲಿಯಲು ನಮ್ಮವರಿಗೆ ವಿಮಾನ ಹತ್ತುವ ಅಗತ್ಯವೇನೂ ಇಲ್ಲ.

ಪೊಳಲಿಯಂಥ ಊರಿಗೆ ನೇರವಾಗಿ ತಾಗುವ ಸಂಗತಿ ಇನ್ನೊಂದಿದೆ. 2020ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಆಸ್ಪಿರಿನ್ ಅಧ್ಯಯನದಲ್ಲಿ ಬೆಳಗಾವಿಯೂ ಪಾಲುದಾರ. ಆರು ದೇಶಗಳ 11,976 ಚೊಚ್ಚಲ ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು. ದಿನ ತುಂಬುವ ಮೊದಲೇ ಆಗುವ ಹೆರಿಗೆ ಶೇ 13.1ರಿಂದ ಶೇ 11.6ಕ್ಕೆ ಇಳಿಯಿತು. ಹುಟ್ಟುವ ಮುನ್ನ ಅಥವಾ ಹುಟ್ಟಿದ ಹೊಸತರಲ್ಲಿ ಸಾಯುವ ಮಕ್ಕಳ ಸಂಖ್ಯೆಯೂ ಕಡಿಮೆಯಾಯಿತು. ಇದನ್ನು ಓದಿ ಯಾರೂ ಮೆಡಿಕಲ್ಲಿಗೆ ಹೋಗಿ ತಾವೇ ಮಾತ್ರೆ ತರಬಾರದು, ಯಾರಿಗೆ ಬೇಕು ಎಂದು ತೀರ್ಮಾನಿಸಬೇಕಾದವರು ಡಾಕ್ಟರು. ಆದರೆ ಆ ಮಾತ್ರೆ ಶುರುವಾದದ್ದು ಯಾವಾಗ ಎಂದು ಗಮನಿಸಿ: ಆರನೇ ವಾರದಿಂದ ಹದಿನಾಲ್ಕನೇ ವಾರ ತುಂಬುವುದರೊಳಗೆ. ಮಾಸು ಗರ್ಭಕೋಶದ ಗೋಡೆಗೆ ಬೇರು ಇಳಿಸಿ, ಅಲ್ಲಿನ ರಕ್ತನಾಳಗಳನ್ನು ಅಗಲಗೊಳಿಸಿಕೊಳ್ಳುವ ಹೊತ್ತು ಅದು. ಅಲ್ಲಿ ಎಡವಟ್ಟಾದರೆ ಅದರ ಫಲ ಏಳನೇ ತಿಂಗಳಲ್ಲಿ ಬಿಪಿಯಾಗಿ ಕಾಣಿಸಿಕೊಳ್ಳುತ್ತದೆ.

ನಮ್ಮಲ್ಲಿ ನಡೆಯುವುದೇನು? ಮೂರು ತಿಂಗಳು ತುಂಬದೆ ಹೊರಗೆ ಹೇಳಬಾರದು, ದೃಷ್ಟಿಯಾಗುತ್ತದೆ. ಆಶಾ ಕಾರ್ಯಕರ್ತೆ ಅಂಗಳಕ್ಕೆ ಬಂದು, ‘ಅಕ್ಕಾ, ಸೊಸೆಗೆ ಏನಾದರೂ ವಿಶೇಷ ಉಂಟಾ?’ ಎಂದು ಕೇಳಿದರೆ, ಒಳಗೆ ಸೊಸೆ ವಾಂತಿ ಮಾಡುತ್ತಿದ್ದರೂ ಅತ್ತೆ, ‘ಎಂತದೂ ಇಲ್ಲ ಮಾರಾಯ್ತಿ, ಇದ್ದರೆ ಹೇಳುವುದಿಲ್ವಾ?’ ಎನ್ನುತ್ತಾರೆ. ಮೂರು ತಿಂಗಳು ಕಳೆದು ತಾಯಿ ಕಾರ್ಡ್ ಮಾಡಿಸಲು ಹೋದಾಗ ಹದಿನಾಲ್ಕನೇ ವಾರ ಹತ್ತಿರ ಬಂದಿರುತ್ತದೆ ಅಥವಾ ದಾಟಿರುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಊರಿಗೆಲ್ಲ ಹೇಳುವುದು ಬೇಡ, ಆಶಾ ಅಕ್ಕನ ಕಿವಿಯಲ್ಲಿ ಹೇಳಿದರೂ ಎರಡನೇ ತಿಂಗಳಲ್ಲೇ ಬಿಪಿ, ರಕ್ತ ನೋಡಿ ಬರೆದಿಡಲು ಅವರಿಗೆ ಆಗುತ್ತದೆ.