ಮುಳ್ಳಿಗೆ ತಕ್ಕ ತೋಳು

ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ಓದಲು ಲಿಪಿ ಬಲ್ಲವರಿಗೆ ಕಣ್ಣೊಂದೇ ಸಾಕು. ಗ್ರಾಮಫೋನ್ ತಟ್ಟೆಯ ಗೀರನ್ನು ಓದಲು ಮುಳ್ಳು ಬೇಕು. ಮುಳ್ಳನ್ನು ಹೊತ್ತು ನಡೆಸುವ ತೋಳೂ ಬೇಕು. ಇವೆರಡಕ್ಕೆ ಹೊಂದಿಕೆಯಿಲ್ಲದಿದ್ದರೆ ಒಳ್ಳೆಯ ತಟ್ಟೆಯೂ ಕೆಟ್ಟದಾಗಿ ಹಾಡುವುದು.

ನಮ್ಮ ಮನೆಯಲ್ಲಿ ಹಿರಿಯರು ಬಿಟ್ಟುಹೋದ ವಾದನಯಂತ್ರವೊಂದಿದೆ. ಜೊತೆಗೆ ಮಲ್ಲಿಕಾರ್ಜುನ ಮನ್ಸೂರರ ಗಾಯನದ ತಟ್ಟೆಯೊಂದು. ಈ ಸೀಮೆಯ ಬಿಸಿಲಿಗೆ ಅದು ತುಸು ಸೊಟ್ಟಗಾಗಿದೆ. ಹಳೆಯ ಕಾರ್ಟ್ರಿಜ್ ಸವೆದುದರಿಂದ ಬೆಲೆಬಾಳುವ ಹೊಸದೊಂದನ್ನು ತಂದು ಜೋಡಿಸಿದೆವು. ಹಾಡು ಸುಧಾರಿಸಲಿಲ್ಲ. ಧ್ವನಿವರ್ಧಕದ ಕಾಗದದ ಶಂಕು ಸದ್ದಿಲ್ಲದೆ ಒಳಹೊರಗೆ ತೂಗಾಡಿತು. ಒಮ್ಮೊಮ್ಮೆ ಮುಳ್ಳು ಗೀರನ್ನೇ ಬಿಟ್ಟು ಜಿಗಿಯಿತು. ಹೀಗೇಕೆ?

ರಬ್ಬರ್ ಪಟ್ಟಿಗೆ ಕಲ್ಲೊಂದನ್ನು ಕಟ್ಟಿ ತೂಗುಬಿಡಿರಿ. ಎಳೆದು ಬಿಟ್ಟರೆ ಅದು ತನ್ನದೇ ಲಯದಲ್ಲಿ ಮೇಲೆ ಕೆಳಗೆ ಆಡುವುದು. ಕಲ್ಲು ಭಾರವಾದಷ್ಟೂ, ರಬ್ಬರ್ ಮೆತ್ತಗಾದಷ್ಟೂ ಲಯ ನಿಧಾನವಾಗುವುದು. ನಿಮ್ಮ ಕೈಯನ್ನು ಅದೇ ಲಯದಲ್ಲಿ ಆಡಿಸಿದಿರಾದರೆ ಕಲ್ಲಿನ ಕುಣಿತ ಮೇರೆ ಮೀರುವುದು. ಇದೇ ಅನುರಣನ. ಮುಳ್ಳಿನ ಬುಡದಲ್ಲಿರುವ ಮೆತ್ತನೆಯ ಹಿಡಿಕೆಯೇ ಇಲ್ಲಿ ರಬ್ಬರ್. ಕಾರ್ಟ್ರಿಜ್ ಮತ್ತು ತೋಳು ಕಲ್ಲು. ತೋಳಿನ ಹಿಂಬದಿಯ ಪ್ರತಿತೂಕದಿಂದ ಮುಳ್ಳಿನ ಮೇಲಿನ ಭಾರ ಎರಡು ಗ್ರಾಮಿಗೆ ಇಳಿಯಬಹುದು. ತೋಳಿನ ಜಡತ್ವ ಮಾತ್ರ ಇಳಿಯದು.

ಸೊಟ್ಟ ತಟ್ಟೆಯ ಏರಿಳಿತಗಳು ಹೆಚ್ಚಾಗಿ ಸೆಕೆಂಡಿಗೆ ಐದಾರು ಕಂಪನಗಳ ಒಳಗಿರುವುವು. ಕಿವಿಗೆ ಕೇಳುವ ನಾದ ಸುಮಾರು 20ರಿಂದ ಆರಂಭ. ಅನುರಣನವು ಇವೆರಡರ ನಡುವೆ, 8ರಿಂದ 12 ಹರ್ಟ್ಸ್‌ಗಳಲ್ಲಿ, ಬಿದ್ದರೆ ಎರಡಕ್ಕೂ ಬಾಧೆಯಿಲ್ಲ.

ಲೆಕ್ಕ ಸುಲಭ. ತೋಳಿನ ಪರಿಣಾಮಕ ದ್ರವ್ಯರಾಶಿ, ಕಾರ್ಟ್ರಿಜ್ ಮತ್ತು ತಿರುಪುಗಳ ತೂಕ, ಇವನ್ನು ಗ್ರಾಮುಗಳಲ್ಲಿ ಕೂಡಿಸಿರಿ. ಒಂದು ಮಿಲಿನ್ಯೂಟನ್ ಬಲಕ್ಕೆ ಮುಳ್ಳು ಎಷ್ಟು ಮೈಕ್ರಾನ್ ಸರಿಯುವುದೋ ಅದು ಅದರ ನಮ್ಯತೆ. 10 ಹರ್ಟ್ಸ್‌ನಲ್ಲಿ ಅಳೆದ ಬೆಲೆಯನ್ನೇ ತೆಗೆದುಕೊಳ್ಳಬೇಕು. ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿರಿ. ಬಂದುದೇ ಅನುರಣನದ ಕಂಪನಸಂಖ್ಯೆ.

ನಮ್ಮ ತೋಳು 18 ಗ್ರಾಂ, ಉಳಿದುದು 7, ಒಟ್ಟು 25. ಹೊಸ ಕಾರ್ಟ್ರಿಜ್ಜಿನ ನಮ್ಯತೆ 30. ಉತ್ತರ 5.8 ಹರ್ಟ್ಸ್! ತಟ್ಟೆಯ ಸೊಟ್ಟಕ್ಕೂ ತೋಳಿನ ಲಯಕ್ಕೂ ತಾಳ ಕೂಡಿಬಿಟ್ಟಿತ್ತು. ಅಷ್ಟೇ ತೂಕದ, ನಮ್ಯತೆ 10 ಇರುವ, ಅಗ್ಗದ ಕಾರ್ಟ್ರಿಜ್ ಹಾಕಿದೆವು. ಲೆಕ್ಕ 10 ಹರ್ಟ್ಸ್‌ಗೆ ಏರಿತು, ಶಂಕು ಶಾಂತವಾಯಿತು, ಮನ್ಸೂರರ ತಾನಗಳು ತಡೆಯಿಲ್ಲದೆ ಹರಿದುವು.

ಹಗುರ ತೋಳಿಗಾದರೆ ಮೆತ್ತನೆಯ ಮುಳ್ಳೇ ಒಪ್ಪುವುದು. ಹೆಚ್ಚಿನ ಬೆಲೆಯಿಂದ ಈ ಹೊಂದಿಕೆ ಬಾರದು. ಬಂಡೆಯ ಅಕ್ಷರಗಳು ಎರಡು ಸಾವಿರ ವರ್ಷ ಮೀರಿ ಬಾಳಿವೆ. ತಟ್ಟೆಯ ಗೀರಿಗೆ ಆ ಭಾಗ್ಯವಿಲ್ಲ. ಜಿಗಿಯುವ ಮುಳ್ಳು ಕೆಡಿಸಿದ ಗೀರನ್ನು ಯಾರೂ ಮರಳಿ ತರಲಾರರು. ಆದುದರಿಂದ ಕೊಳ್ಳುವ ಮೊದಲೇ ಲೆಕ್ಕ ಹಾಕುವುದು ಲೇಸು.