ಗೇರ್ ಬಾಕ್ಸ್ ಇಳಿಸುವ ಮುಂಚೆ

ಶ್ರೀರಂಗಪಟ್ಟಣದ ಪೂರ್ವಕ್ಕೆ, ಲೋಕಪಾವನಿ ಕಾವೇರಿಗೆ ಸೇರುವ ಆಸುಪಾಸಿನಲ್ಲಿ ಕರಿಘಟ್ಟ. ಶ್ರೀನಿವಾಸನ ಹರಕೆ ಹೊತ್ತವರು ಮೆಟ್ಟಿಲು ಹತ್ತುತ್ತಾರೆ. ಉಳಿದವರು ಬೆಟ್ಟವನ್ನು ಬಳಸಿ ಏರುವ ರಸ್ತೆಯಲ್ಲಿ ಗಾಡಿಯನ್ನೇ ಗುಡಿಯ ತನಕ ಒಯ್ಯುತ್ತಾರೆ. ಶ್ರಾವಣ ಶನಿವಾರಗಳಂದು ಮನೆಮಂದಿಯೆಲ್ಲ ತುಂಬಿಕೊಂಡ ಹಳೇ ಕಾರು, ಓಮ್ನಿಗಳು ಈ ಏರಿನಲ್ಲಿ ಸಾಲುಗಟ್ಟುತ್ತವೆ. ಯಾವುದೋ ಒಂದು ಗಾಡಿ ತಿರುವಿನಲ್ಲಿ ನಿಧಾನಿಸುತ್ತದೆ. ಆಕ್ಸಿಲರೇಟರ್ ತುಳಿದಷ್ಟೂ ಇಂಜಿನ್ ಅರಚುತ್ತದೆಯೇ ಹೊರತು ಗಾಡಿ ಮುಂದಕ್ಕೆ ಹೋಗಲೊಲ್ಲದು. ಹಿಂದೆಯೇ ಸುಟ್ಟ ವಾಸನೆ. ಬಯಲು ರಸ್ತೆಯಲ್ಲಿ ತಿಂಗಳುಗಟ್ಟಲೆ ಅಡಗಿಕೊಂಡಿದ್ದ ಕಾಯಿಲೆ ಏರು ಕಂಡ ಕೂಡಲೇ ಹೊರಬಿತ್ತು ಅಂತ ಲೆಕ್ಕ.

ಇಂಥ ಗಾಡಿಗಳು ಕೊನೆಗೆ ಬಂದು ನಿಲ್ಲುವುದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ರಸ್ತೆಬದಿಯ ಗ್ಯಾರೇಜುಗಳ ಮುಂದೆ. ತಗಡಿನ ಚಾವಣಿ, ಆಯಿಲ್ ಕುಡಿದು ಕಪ್ಪಾದ ನೆಲ, ಸ್ಪ್ಯಾನರ್ ಎತ್ತಿಕೊಡುವ ಒಬ್ಬ ಹುಡುಗ. ಅಲ್ಲಿಯ ಮೇಸ್ತ್ರಿಗಳ ಕೆಲಸಗಳಲ್ಲಿ ಕ್ಲಚ್ ಮತ್ತು ಗೇರ್ ಬಾಕ್ಸಿನ ದೋಷ ಪತ್ತೆಯದು ಬೇರೆಯೇ ಒಂದು ವಿದ್ಯೆ. ಬ್ರೇಕ್ ಲೈನರ್ ನೋಡಬೇಕೆಂದರೆ ಚಕ್ರ ಬಿಚ್ಚಿದರಾಯಿತು. ಕ್ಲಚ್ ಪ್ಲೇಟ್ ಹಾಗಲ್ಲ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಅದು ಹೂತುಕೊಂಡಿರುತ್ತದೆ. ಕಣ್ಣಿಗೆ ಬೀಳಬೇಕಾದರೆ ಗೇರ್ ಬಾಕ್ಸನ್ನೇ ಇಳಿಸಬೇಕು. ಒಂದು ದಿನದ ಕೂಲಿ, ಅಂದಿನ ಬಾಡಿಗೆ ಎರಡೂ ಹೋದವು. ಇಳಿಸಿ ನೋಡಿದ ಮೇಲೆ ತಪ್ಪು ಅಲ್ಲಿರಲಿಲ್ಲ ಎಂದರೆ ಗಿರಾಕಿಯ ಮುಖ ನೋಡುವುದು ಕಷ್ಟ. ಬಿಚ್ಚಿ ಜೋಡಿಸುವುದನ್ನು ಎರಡು ವರ್ಷದ ಐಟಿಐ ಕೋರ್ಸಿನಲ್ಲೂ ಕಲಿಯಬಹುದು. ಮೇಸ್ತ್ರಿಯ ದರ್ಜೆ ಗೊತ್ತಾಗುವುದು ಅವನು ಬಿಚ್ಚದೆ ವಾಪಸು ಕಳಿಸಿದ ಗಾಡಿಗಳಿಂದ ಎಂಬುದು ನನ್ನ ಎಣಿಕೆ.

ಒಳಗಿನ ಏರ್ಪಾಡು ಸರಳ. ಇಂಜಿನ್ನಿನ ಜೊತೆ ತಿರುಗುವುದು ಫ್ಲೈವೀಲ್. ಅದಕ್ಕೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟ್. ಪೆಡಲ್ ತುಳಿದರೆ ರಿಲೀಸ್ ಬೇರಿಂಗ್ ಮುಂದೆ ಸರಿದು ಈ ಹಿಡಿತವನ್ನು ಸಡಿಲಿಸುತ್ತದೆ. ಆಗ ಗೇರ್ ಬದಲಿಸಬಹುದು. ಆದ್ದರಿಂದ ಕ್ಲಚ್ಚಿನ ಕಾಯಿಲೆಗಳಲ್ಲಿ ಮುಖ್ಯವಾದವು ಎರಡೇ: ಹಿಡಿಯದ ಕ್ಲಚ್, ಬಿಡದ ಕ್ಲಚ್.

ಹಿಡಿಯದಿರುವುದನ್ನು ಕಂಡುಹಿಡಿಯುವುದು ಸುಲಭ. ಗಿರಾಕಿ ಬಂದು “ಯಾಕೋ ಎಳೀತಾ ಇಲ್ಲ ಕಣಣ್ಣ” ಅನ್ನುತ್ತಾನೆ. ಮೇಸ್ತ್ರಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೇಲಿನ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡುತ್ತಾನೆ. ಆರೋಗ್ಯವಾಗಿದ್ದರೆ ಇಂಜಿನ್ ಥಟ್ಟನೆ ಆಫ್ ಆಗಬೇಕು. ಏನೂ ಆಗದವರಂತೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಆದರೆ ಆಗಲೂ ಜಾಕ್ ಎತ್ತುವ ಆತುರ ಬೇಡ. ಪೆಡಲಿನ ಫ್ರೀ ಪ್ಲೇ, ಅಂದರೆ ಕಾಲಿಗೆ ಬಿಗಿ ತಾಗುವ ಮುಂಚಿನ ಸಡಿಲು, ಇದೆಯೇ ನೋಡಬೇಕು. ಕೇಬಲ್ ಅತಿ ಬಿಗಿಯಾಗಿದ್ದರೆ ಹೊಸ ಪ್ಲೇಟ್ ಕೂಡ ಜಾರುತ್ತದೆ. ಎರಡು ನಟ್ ಸಡಿಲಿಸಿ ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ ಅದು.

ಬಿಡದ ಕ್ಲಚ್ಚಿನ ವಿಷಯದಲ್ಲಿಯೇ ಹೆಚ್ಚು ಜನ ಮೋಸಹೋಗುವುದು. “ಗೇರೇ ಬೀಳ್ತಿಲ್ಲ” ಎಂದ ಕೂಡಲೇ ಗೇರ್ ಬಾಕ್ಸ್ ಹೋಯಿತು ಎಂದುಕೊಳ್ಳುತ್ತಾರೆ. ಅನುಭವಿ ಮೊದಲು ಇಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡುತ್ತಾನೆ. ಆಗ ಸಲೀಸಾಗಿ ಬಿದ್ದು, ಇಂಜಿನ್ ಓಡುವಾಗ ಮಾತ್ರ ಹಟ ಹಿಡಿದರೆ ತಪ್ಪು ಬಹುತೇಕ ಕ್ಲಚ್ಚಿನದು. ಆಫ್ ಇದ್ದಾಗಲೂ ಬಿಗಿಯಾಗಿದ್ದರೆ ಲಿವರಿನ ಸಂದುಗಳನ್ನೋ ಒಳಗಿನ ಫೋರ್ಕನ್ನೋ ಅನುಮಾನಿಸಬೇಕು. ಇಲ್ಲಿ ರಿವರ್ಸ್ ಗೇರ್ ಒಳ್ಳೆಯ ಸಾಕ್ಷಿ. ಬಹಳಷ್ಟು ಗಾಡಿಗಳಲ್ಲಿ ಅದಕ್ಕೆ ಗೇರುಗಳ ವೇಗ ಹೊಂದಿಸುವ ಸಿಂಕ್ರೋ ರಿಂಗ್ ಇರುವುದಿಲ್ಲ, ಹಾಗಾಗಿ ತಪ್ಪನ್ನು ಮುಚ್ಚಿಡಲು ಅದಕ್ಕೆ ಬರುವುದಿಲ್ಲ. ಪೆಡಲ್ ಪೂರ್ತಿ ತುಳಿದು ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿದರೂ ಕರಕರ ಎಂದರೆ ಪ್ಲೇಟ್ ಇನ್ನೂ ತಿರುಗುತ್ತಲೇ ಇದೆ. ಪೆಡಲನ್ನು ಪಟಪಟನೆ ನಾಲ್ಕು ಸಲ ಒತ್ತಿದ ಮೇಲೆ ಗೇರ್ ಬಿತ್ತೇ? ಹೈಡ್ರಾಲಿಕ್ ಸಾಲಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ರಬ್ಬರ್ ಹೋಗಿದೆ. ಗೇರ್ ಬಾಕ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ.

ಮುಂದಿನದು ಕಿವಿಯ ಕೆಲಸ. ಗಾಡಿ ನಿಂತಿದೆ, ನ್ಯೂಟ್ರಲ್‌ನಲ್ಲಿದೆ, ಇಂಜಿನ್ ಓಡುತ್ತಿದೆ. ಪೆಡಲ್ ಮೇಲಿದ್ದಾಗ ಗರಗರ ಸದ್ದು ಇದ್ದು, ತುಳಿದ ಕೂಡಲೇ ನಿಂತರೆ ಗೇರ್ ಬಾಕ್ಸಿನ ಟಾಪ್ ಶಾಫ್ಟ್ ಬೇರಿಂಗ್. ತುಳಿದಾಗಷ್ಟೇ ಕೀರಲು ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್. ಸಿಗ್ನಲ್‌ನಲ್ಲಿ ಕ್ಲಚ್ ತುಳಿದೇ ಕೂರುವವರ, ಓಡಿಸುವಾಗ ಪೆಡಲಿನ ಮೇಲೆಯೇ ಪಾದ ಊರುವವರ ಕೊಡುಗೆ. ರಸ್ತೆಗಿಳಿದ ಮೇಲೆ ಇನ್ನೊಂದು ಪರೀಕ್ಷೆ. ಹಿಂಬದಿ ಚಕ್ರಕ್ಕೆ ಶಕ್ತಿ ಹೋಗುವ ಹಳೇ ಜೀಪಿನಂಥವುಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರ್. ಇಂಜಿನ್ನಿನ ತಿರುಗು ಕೆಳಗಿನ ಲೇ ಶಾಫ್ಟಿಗೆ ಭಾರ ಹಾಕದೆ ಸೀದಾ ಹಿಂದಕ್ಕೆ ಹೋಗುತ್ತದೆ. ಮಿಕ್ಕ ಗೇರುಗಳಲ್ಲಿ ಕೊರಗುವ ಗಾಡಿ ನಾಲ್ಕರಲ್ಲಿ ಮೌನವಾದರೆ ಲೇ ಶಾಫ್ಟಿನ ಬೇರಿಂಗ್ ಕಡೆ ಬೆರಳು ತೋರಿಸಬಹುದು. ಒಂದೇ ಗೇರಿನಲ್ಲಿ ಸದ್ದೆಂದರೆ ಆ ಗೇರಿನ ಹಲ್ಲು. ಎರಡನೆಯದಕ್ಕೆ ಹಾಕುವಾಗ ಮಾತ್ರ ಕರ್ ಎನ್ನುತ್ತದೆ, ಡಬಲ್ ಕ್ಲಚ್ ಹೊಡೆದರೆ, ಅಂದರೆ ನ್ಯೂಟ್ರಲ್‌ನಲ್ಲಿ ಒಮ್ಮೆ ಪೆಡಲ್ ಬಿಟ್ಟು ಮತ್ತೆ ತುಳಿದು ಹಾಕಿದರೆ, ಸುಮ್ಮನೆ ಬೀಳುತ್ತದೆ ಎಂದರೆ ಸಿಂಕ್ರೋ ರಿಂಗ್ ಸವೆದಿದೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂದ ಈ ರಿಂಗಿನ ಏರ್ಪಾಡು ನಮ್ಮ ಲಾರಿಗಳನ್ನು ತಲುಪಿದ್ದು ಬಹಳ ತಡವಾಗಿ. ಹಳೇ ಲಾರಿ ಡ್ರೈವರುಗಳಿಗೆ ಡಬಲ್ ಕ್ಲಚ್ ಇವತ್ತಿಗೂ ಕಾಲಿನಲ್ಲೇ ಉಳಿದಿರುವುದು ಅದಕ್ಕೇ.

ಈ ಸೀಮೆಯ ಮೇಸ್ತ್ರಿಗಳಿಗೆ ಪಕ್ಕದ ಮೈಸೂರಿನಿಂದಲೂ ಒಂದು ಪಾಠ ಸಿಕ್ಕಿದೆ. 1961ರಲ್ಲಿ ಉತ್ಪಾದನೆ ಶುರುಮಾಡಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್. ಕೈಯಲ್ಲಿ ಕ್ಲಚ್ ಹಿಡಿಯದಿದ್ದರೂ ಕಾಲಿನಿಂದ ಗೇರ್ ಒತ್ತುವಾಗ ಕ್ಲಚ್ ತಾನೇ ಬಿಡುತ್ತದೆ. ಅಂದರೆ ಅದೇ ಕ್ಲಚ್ಚಿಗೆ ಎರಡು ದಾರಿ. ಕೈಯಿಂದ ಬಿಡದೆ ಕಾಲಿನಿಂದ ಬಿಟ್ಟರೆ ಕೇಬಲ್ ನೋಡು, ಎರಡರಿಂದಲೂ ಬಿಡದಿದ್ದರೆ ಒಳಗೆ ನೋಡು. ದೋಷ ಪತ್ತೆಯ ತರ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಗಾಡಿ ನಾನು ಕಂಡಿಲ್ಲ.

ಆದರೂ ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಈ ಕಡೆ ಕ್ಲಚ್ಚಿನ ನಿಜವಾದ ಶತ್ರು ಕಬ್ಬು ಮತ್ತು ಕೆಸರುಗದ್ದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ತುಂಬಿದ ಟ್ರೇಲರನ್ನು ಹಸಿ ಗದ್ದೆಯಿಂದ ರಸ್ತೆಗೆ ಏರಿಸುವಾಗ, ಕಾರ್ಖಾನೆ ಗೇಟಿನ ಮುಂದಿನ ಸಾಲಿನಲ್ಲಿ ಅಂಗುಲ ಅಂಗುಲ ಸರಿಯುವಾಗ ಹಾಫ್ ಕ್ಲಚ್ಚೇ ಗತಿ. 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥ ಟ್ರ್ಯಾಕ್ಟರುಗಳಿಗೆ ಮುಚ್ಚಿದೆ. ಸರ್ವಿಸ್ ರಸ್ತೆಯಲ್ಲಿ ನಿಂತು ನಿಂತು ಸಾಗುವಾಗ ಸವೆಯುವುದೂ ಅದೇ ಪ್ಲೇಟು.

ಟ್ರ್ಯಾಕ್ಟರಿಗೆ ಕಾರಿನಂತೆ ಚಾಸಿ ಇಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸುಗಳೇ ಒಂದಕ್ಕೊಂದು ಬೋಲ್ಟಾಗಿ ಗಾಡಿಯ ಬೆನ್ನೆಲುಬು. ಹಾಗಾಗಿ ಪ್ಲೇಟ್ ಬದಲಿಸಬೇಕೆಂದರೆ ಟ್ರ್ಯಾಕ್ಟರನ್ನೇ ಎರಡು ತುಂಡು ಮಾಡಬೇಕು. ಮುಂದಿನ ಆಕ್ಸಲ್ಲಿನ ಎರಡೂ ಬದಿಗೆ ಮರದ ಬೆಣೆ ಹೊಡೆಯುತ್ತಾರೆ, ಇಲ್ಲದಿದ್ದರೆ ಇಂಜಿನ್ ಭಾಗ ಪಕ್ಕಕ್ಕೆ ವಾಲುತ್ತದೆ. ಹಿಂಭಾಗಕ್ಕೆ ದಿಮ್ಮಿ ಕೊಟ್ಟು, ಡೀಸೆಲ್ ಪೈಪು, ವೈರು, ಸ್ಟಿಯರಿಂಗ್ ರಾಡು ಬಿಡಿಸಿ, ಸುತ್ತಲಿನ ಬೋಲ್ಟ್ ತೆಗೆದು, ಮುಂದಿನ ಅರ್ಧವನ್ನು ಅದರ ಚಕ್ರದ ಮೇಲೆಯೇ ನಿಧಾನ ತಳ್ಳುತ್ತಾರೆ. ಗೇರ್ ಬಾಕ್ಸಿನ ಶಾಫ್ಟ್ ಪ್ಲೇಟಿನಿಂದ ಜಾರಿ ಹೊರಬರುತ್ತದೆ. ಸವೆದ ಪ್ಲೇಟಿನಲ್ಲಿ ರಿವಿಟ್ ತಲೆಗಳು ಹೊಳೆಯುತ್ತಿರುತ್ತವೆ. ಕಾದ ಫ್ಲೈವೀಲ್ ಮೇಲೆ ನೀಲಿ ಮಚ್ಚೆ. ಪ್ಲೇಟ್ ಒದ್ದೆಯಾಗಿದ್ದರೆ ಮೇಸ್ತ್ರಿ ಬೆರಳಿಗೆ ಹಚ್ಚಿ ಮೂಸುತ್ತಾನೆ. ಕಪ್ಪಗೆ ತೆಳ್ಳಗಿದ್ದರೆ ಇಂಜಿನ್ ಆಯಿಲ್, ಕ್ರ್ಯಾಂಕ್ ಹಿಂದಿನ ಸೀಲ್ ಹೋಗಿದೆ. ಅಂಟಂಟಾಗಿ ಗಂಧಕದ ನಾತವಿದ್ದರೆ ಗೇರ್ ಆಯಿಲ್, ಸೋರುತ್ತಿರುವುದು ಇನ್ನೊಂದು ಕಡೆ. ಸೀಲ್ ಬದಲಿಸದೆ ಹೊಸ ಪ್ಲೇಟ್ ಕೂರಿಸಿದರೆ ಕೆಲವೇ ತಿಂಗಳಲ್ಲಿ ಅದೇ ಟ್ರ್ಯಾಕ್ಟರ್ ಅದೇ ಜಾಗದಲ್ಲಿ ಮತ್ತೆ ಎರಡು ತುಂಡು. ಹೊಸ ಪ್ಲೇಟಿನ ನಡುಭಾಗ ಸರಿಯಾಗಿ ಕೂರಲು ಹಳೇ ಶಾಫ್ಟಿನ ತುಂಡೊಂದನ್ನು ತೂರಿಸಿ, ಆಮೇಲೆ ಪ್ರೆಷರ್ ಪ್ಲೇಟ್ ಬಿಗಿಯುತ್ತಾರೆ. ಪ್ಲೇಟ್ ಹಿಂದುಮುಂದಾದರೆ ಇಷ್ಟೂ ಕೆಲಸ ಮೊದಲಿನಿಂದ.

ಹೌಸಿಂಗ್ ಒಳಗಿನ ಕರೀ ಧೂಳನ್ನು ಏರ್ ಕಂಪ್ರೆಸರ್‌ನಿಂದ ಊದಿಬಿಡುವ ಚಾಳಿ ಮಾತ್ರ ನಿಲ್ಲಬೇಕು. ಹಳೇ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆ ಶ್ವಾಸಕೋಶ ಸೇರಿದರೆ ಮತ್ತೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಲು ಎರಡು ನಿಮಿಷ ಹೆಚ್ಚು ಬೇಕು, ಅಷ್ಟೇ. ಎಲ್ಲರಿಗಿಂತ ಹತ್ತಿರ ಮುಖ ಇಟ್ಟು ನಿಲ್ಲುವವನು ಆ ಸ್ಪ್ಯಾನರ್ ಹುಡುಗ.

ಈಗೀಗ ಕ್ಲಚ್ ಪೆಡಲ್ಲೇ ಇಲ್ಲದ ಎಎಂಟಿ ಕಾರುಗಳೂ ಈ ಗ್ಯಾರೇಜುಗಳಿಗೆ ಬರುತ್ತಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಈ ಏರ್ಪಾಡಿನಲ್ಲಿ ಒಳಗಿರುವುದು ಅದೇ ಪ್ಲೇಟು, ಅದೇ ಗೇರ್ ಬಾಕ್ಸು. ತುಳಿಯುವ ಕೆಲಸವನ್ನು ಕಾಲಿನ ಬದಲು ಯಂತ್ರ ಮಾಡುತ್ತದೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಿಂದಲೇ ಕಾರನ್ನು ನಿಲ್ಲಿಸಿಕೊಳ್ಳುವವರು ಪ್ಲೇಟನ್ನು ಸುಡುತ್ತಲೇ ಇರುತ್ತಾರೆ, ಸುಡುತ್ತಿರುವುದು ಕಾಲಿಗೆ ತಿಳಿಯುವುದಿಲ್ಲ. ಪೆಡಲ್ ಮೇಲೆ ಬಂತೇ, ಬಿಗಿಯಾಯಿತೇ, ಅದುರಿತೇ ಎಂದು ಮೇಸ್ತ್ರಿ ಕೇಳುತ್ತಿದ್ದ ಪ್ರಶ್ನೆಗಳಿಗೆ ಈ ಗಿರಾಕಿಯ ಬಳಿ ಉತ್ತರವಿಲ್ಲ. ಹಾಗಾಗಿ ಮೇಸ್ತ್ರಿ ಸ್ಕ್ಯಾನರ್ ಕೊಂಡಿದ್ದಾನೆ. ಅದು ಯಂತ್ರದ ತಪ್ಪನ್ನು ಹೇಳುತ್ತದೆ. ಯಾವ ಬೇರಿಂಗ್ ಕೊರಗುತ್ತಿದೆ ಎಂದು ಕೇಳಿಸಿಕೊಳ್ಳಲು ಕಾರನ್ನು ಅವನೇ ಒಂದು ಸುತ್ತು ಓಡಿಸಿ ಬರಬೇಕು.